ಕೊಡಗಿನ ಬಂಡೆಯಿಂದ ಉಲ್ಕಾಶಿಲೆಯವರೆಗೆ: ಭೂಮಿಯ ವಯಸ್ಸಿನ ಲೆಕ್ಕವನ್ನು ಹಂತಹಂತವಾಗಿ ಮಾಡುವ ಬಗೆ

ಭೂಮಿಯ ವಯಸ್ಸು 454 ಕೋಟಿ ವರ್ಷ, ಅದರಲ್ಲಿ ಹೆಚ್ಚೆಂದರೆ 5 ಕೋಟಿ ವರ್ಷ ಆಚೀಚೆ ಎಂಬ ಅಂಕಿ ಪಠ್ಯಪುಸ್ತಕದಿಂದ ಹಿಡಿದು ರಸಪ್ರಶ್ನೆಯವರೆಗೆ ಎಲ್ಲ ಕಡೆ ಓಡಾಡುತ್ತಿದೆ. ಅದು ಬಂದದ್ದು ಹೇಗೆಂದು ಕೇಳಿದರೆ ಮಾತ್ರ ಹೆಚ್ಚಿನವರು ‘ಅತ್ಯಂತ ಹಳೆಯ ಬಂಡೆಯನ್ನು ಹುಡುಕಿ ಅಳೆದರು’ ಎನ್ನುತ್ತಾರೆ. ಈ ಉತ್ತರ ತಪ್ಪು. ಭೂಮಿಯಷ್ಟೇ ಹಳೆಯದಾದ ಬಂಡೆ ಭೂಮಿಯ ಮೇಲೆ ಎಲ್ಲಿಯೂ ಸಿಕ್ಕಿಲ್ಲ. ಪ್ರತಿಯೊಂದು ಬಂಡೆಯೂ ತಾನು ಗಟ್ಟಿಯಾದ ಅಥವಾ ಮತ್ತೆ ಕಾದು ಬದಲಾದ ಕಾಲದಿಂದೀಚಿನ ತನ್ನ ವಯಸ್ಸನ್ನಷ್ಟೇ ಹೇಳಬಲ್ಲದು. ಹಾಗಿದ್ದೂ ಬಂಡೆಯಿಂದಲೇ ಹೊರಟು ಆ ಅಂಕಿಯನ್ನು ಮುಟ್ಟುವ ದಾರಿಯಿದೆ, ಮತ್ತು ಅದರ ಮೊದಲ ಅರ್ಧವನ್ನು ಕೊಡಗಿನಲ್ಲಿಯೇ ನಡೆಯಬಹುದು. ಇಲ್ಲಿನ ಶಾಲೆಗಳ ವಿಜ್ಞಾನ ಶಿಕ್ಷಕರು, ಪಿಯುಸಿ ವಿದ್ಯಾರ್ಥಿಗಳು ಮತ್ತು ತಮ್ಮ ತೋಟದ ಬಂಡೆಯ ಬಗ್ಗೆ ಕುತೂಹಲವಿರುವ ಯಾರೇ ಆದರೂ ಅನುಸರಿಸಬಹುದಾದ ಕ್ರಮವನ್ನು ಕೆಳಗೆ ಕೊಟ್ಟಿದೆ. ಬೇಕಾಗುವ ಸಾಮಾನು ಕಡಿಮೆ: ಒಂದು ಕೈಮಸೂರ, ಒಂದು ಆಯಸ್ಕಾಂತ, ನೋಟ್‌ಬುಕ್ಕು, ಮತ್ತು ಲಾಗ್ ಗುಂಡಿಯಿರುವ ಕ್ಯಾಲ್ಕ್ಯುಲೇಟರ್.

ಎಣಿಕೆ ಯಾವ ಘಟನೆಯಿಂದ ಎಂಬುದನ್ನು ಗೊತ್ತುಮಾಡಿಕೊಳ್ಳುವುದು

ಮೊದಲ ಹೆಜ್ಜೆಯಲ್ಲಿ ಅಳತೆಯೇ ಇಲ್ಲ, ಇರುವುದು ಪ್ರಶ್ನೆ. ಯಾವುದರ ವಯಸ್ಸು, ಯಾವ ಘಟನೆಯಿಂದ ಎಣಿಕೆ ಎಂಬುದನ್ನು ಬರೆದಿಟ್ಟುಕೊಳ್ಳದೆ ಮುಂದಕ್ಕೆ ಹೋಗಬಾರದು. ಕೊಡಗಿನಲ್ಲಿ ಒಂದೇ ಜಾಗದಲ್ಲಿ ನಿಂತು ‘ಇದರ ವಯಸ್ಸೆಷ್ಟು’ ಎಂದು ಕೇಳಿದರೂ ಹಲವು ಉತ್ತರಗಳು ಬರುತ್ತವೆ. ಇಲ್ಲಿನ ನೈಸ್ ಮತ್ತು ಚಾರ್ನಕೈಟ್ ಎಂಬ, ಆಳದಲ್ಲಿ ಕಾದು ಬದಲಾದ ಶಿಲೆಗಳಲ್ಲಿ ಹಲವು ಹರಳುಗಟ್ಟಿದ್ದು ಸುಮಾರು 310 ಕೋಟಿ ವರ್ಷಗಳ ಹಿಂದೆ, ಕೆಲವು ಅದಕ್ಕೂ ಮೊದಲು. ಭೂವಿಜ್ಞಾನಿಗಳು ಈ ಭೂಭಾಗವನ್ನು ‘ಕೂರ್ಗ್ ಬ್ಲಾಕ್’ ಎಂದು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಇದಕ್ಕೂ ಉತ್ತರದ ಧಾರವಾಡ ಕ್ರೇಟಾನಿಗೂ (ಬಹು ಹಳೆಯ, ಗಟ್ಟಿಯಾಗಿ ನಿಂತ ಭೂಭಾಗ) ನಡುವೆ ಒತ್ತಡದಲ್ಲಿ ಜಜ್ಜಿಹೋದ ಶಿಲಾಪಟ್ಟಿಗೆ ಮಡಿಕೇರಿಯ ಹಳೆಯ ಇಂಗ್ಲಿಷ್ ಹೆಸರಿನಿಂದ ‘ಮರ್ಕೆರಾ ಶಿಯರ್ ಜೋನ್’ ಎನ್ನುತ್ತಾರೆ. ಅದೇ ಶಿಲೆಯಿಂದಾದ ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿಗಳು ಬೆಟ್ಟಗಳಾಗಿ ಎದ್ದು ನಿಂತದ್ದಾದರೋ ಬಹಳ ಈಚೆಗೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟಿತು. ಆ ಮೇಲೆ ಪಶ್ಚಿಮದ ಅಂಚು ಎದ್ದು, ಸವೆದು, ಇಂದಿನ ಘಟ್ಟದ ರೂಪಕ್ಕೆ ಬಂದಿತು. ಆ ಬಿರುಕಿನ ಕಾಲದ ಜ್ವಾಲಾಮುಖಿ ಶಿಲೆಯನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಇಂದಿಗೂ ನೋಡಬಹುದು. ಬೆಟ್ಟದ ಮೈಮೇಲಿನ ಕೆಂಪು ಮುರಕಲ್ಲು ಇನ್ನೂ ಈಚಿನದು. ಪಾಂಡವರದೆಂದು ಜನ ಹೇಳುವ ಕಲ್ಲುಗೋರಿಗಳಂತೂ ಕೆಲವೇ ಸಾವಿರ ವರ್ಷಗಳವು, ಅವುಗಳ ಚಪ್ಪಡಿಯ ಕಲ್ಲು ಮಾತ್ರ ಕೋಟಿಗಟ್ಟಲೆ ವರ್ಷಗಳದು.

ಇಲ್ಲಿಯೇ ಒಂದು ಮಾತನ್ನು ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಪೂಜೆಯ ಸಂಕಲ್ಪದಲ್ಲಿ ‘ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ’ ಎಂದು ಕಾಲವನ್ನು ಗುರುತಿಸುತ್ತಾರೆ; ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದವರಿಗೆಲ್ಲ ಇದು ಕಿವಿಗೆ ಬಿದ್ದಿರುತ್ತದೆ. ಒಂದು ಕಲ್ಪವೆಂದರೆ 432 ಕೋಟಿ ವರ್ಷ, 454ಕ್ಕೆ ಹತ್ತಿರವಲ್ಲವೇ ಎಂಬುದು ಪ್ರಶ್ನೆ. ಪೌರಾಣಿಕ ಎಣಿಕೆಯ ಪ್ರಕಾರವೇ 432 ಕೋಟಿ ಎಂಬುದು ಕಲ್ಪದ ಒಟ್ಟು ಅವಧಿ, ಈ ಕಲ್ಪದಲ್ಲಿ ಈವರೆಗೆ ಕಳೆದದ್ದು ಸುಮಾರು 197 ಕೋಟಿ ವರ್ಷ. ಅಷ್ಟು ದೊಡ್ಡ ಕಾಲವನ್ನು ಊಹಿಸಿದ ಧೈರ್ಯವನ್ನು ಮೆಚ್ಚಬಹುದು. ಅದನ್ನು ಶಿಲೆಯ ಅಳತೆಯೊಂದಿಗೆ ತಾಳೆ ನೋಡುವುದರಿಂದ ಎರಡಕ್ಕೂ ಉಪಕಾರವಿಲ್ಲ.

ಬಂಡೆಯ ಮುಂದೆ ನಿಂತು ಹಿಂದುಮುಂದನ್ನು ಓದುವುದು

ಎರಡನೆಯ ಹೆಜ್ಜೆಗೆ ಹೊರಗೆ ಹೋಗಬೇಕು. ಕೊಡಗಿನಲ್ಲಿ ಇದಕ್ಕೆ ತಕ್ಕ ಕಾಲವೆಂದರೆ ಜನವರಿಯಿಂದ ಮಾರ್ಚ್‌ವರೆಗೆ, ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ ಹೊಳೆಯ ನೀರು ಇಳಿದು ಬಂಡೆ ಒಣಗಿರುವಾಗ. ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಕಡೆಯ ಬರೆಗಳ ಕೆಳಗೆ ನಿಂತು ಶಿಲೆ ನೋಡುವ ಸಾಹಸ ಬೇಡ. 2018ರ ಕುಸಿತಗಳನ್ನು ಕಂಡ ಜಿಲ್ಲೆಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಭಯಾರಣ್ಯದೊಳಗೆ ಕಲ್ಲು ಒಡೆಯುವುದಕ್ಕೂ ಒಯ್ಯುವುದಕ್ಕೂ ಅವಕಾಶವಿಲ್ಲ. ಇಲ್ಲಿ ಹೇಳಿರುವ ನೋಟಕ್ಕೆ ಸುತ್ತಿಗೆಯ ಅಗತ್ಯವೂ ಇಲ್ಲ.

ರಸ್ತೆಗಾಗಿ ಕಡಿದ ಬರೆಯಲ್ಲಿ ಮೇಲಿನಿಂದ ಕೆಳಕ್ಕೆ ಮೊದಲು ತೋಟದ ಮಣ್ಣು, ಆಮೇಲೆ ಕೆಂಪು ಮುರಕಲ್ಲು ಅಥವಾ ಜೇಡಿ, ಅದರ ಕೆಳಗೆ ಬಂಡೆಯಂತೆ ಕಾಣುತ್ತಿದ್ದರೂ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಶಿಲೆ ಕಾಣುತ್ತದೆ. ಇಷ್ಟು ಮಳೆ ಬೀಳುವ ನಾಡಿನಲ್ಲಿ ಈ ಕೊಳೆತ ಪದರ ಆಳವಾಗಿಯೇ ಇರುತ್ತದೆ, ಮತ್ತು ವಯಸ್ಸು ಅಳೆಯುವವರಿಗೆ ಅದು ಹೆಚ್ಚಿಗೆ ಪ್ರಯೋಜನವಿಲ್ಲ, ಏಕೆಂದರೆ ನೀರು ಅದರಲ್ಲಿದ್ದ ಧಾತುಗಳನ್ನು ಒಳಕ್ಕೂ ಹೊರಕ್ಕೂ ಸಾಗಿಸಿಬಿಟ್ಟಿರುತ್ತದೆ. ಕೊಳೆಯದ, ಗಟ್ಟಿ ಶಿಲೆ ಬೇಕಾದರೆ ಹೊಳೆಯ ತಳಕ್ಕೆ ಹೋಗಬೇಕು. ಇರ್ಪು, ಮಲ್ಲಳ್ಳಿಯಂಥ ಜಲಪಾತಗಳ ಬುಡದಲ್ಲಿ ನೀರು ಮಣ್ಣನ್ನೆಲ್ಲ ಕೊಚ್ಚಿ ಒಯ್ದು ಬಂಡೆಯನ್ನು ತಾನೇ ಉಜ್ಜಿಟ್ಟಿರುತ್ತದೆ.

ಅಂಥ ಬಂಡೆಯ ಮೇಲೆ ಕೈಮಸೂರವಿಟ್ಟು ನೋಡಿದರೆ ಬಿಳಿಯ ಮತ್ತು ಕಪ್ಪು ಪಟ್ಟೆಗಳು ಒಂದರ ಪಕ್ಕ ಒಂದು ಹರಿದಿರುವುದು ಕಾಣುತ್ತದೆ: ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಿನದು ಅಭ್ರಕ ಮತ್ತು ಹಾರ್ನ್‌ಬ್ಲೆಂಡ್. ಕೆಲವು ಕಡೆ ಈ ಪಟ್ಟೆಗಳು ಮಡಿಕೆಬಿದ್ದಿರುತ್ತವೆ, ಆ ಮಡಿಕೆಗಳನ್ನೇ ಕತ್ತರಿಸಿಕೊಂಡು ಒಂದು ಬಿಳಿಯ ನಾಳ ನೇರವಾಗಿ ಹಾದುಹೋಗಿರುತ್ತದೆ. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಕ್ರಮವನ್ನು ಗುರುತಿಸಬೇಕು. ಪಟ್ಟೆ ಮೊದಲು, ಮಡಿಕೆ ಆಮೇಲೆ, ನಾಳ ಕೊನೆಗೆ. ಕತ್ತರಿಸಿದ್ದು ಕತ್ತರಿಸಿಕೊಂಡದ್ದಕ್ಕಿಂತ ಕಿರಿಯದು. ಒಂದು ಶಿಲೆಯೊಳಗೆ ಇನ್ನೊಂದರ ತುಣುಕು ಸಿಕ್ಕಿಕೊಂಡಿದ್ದರೆ ತುಣುಕೇ ಹಿರಿಯದು. 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್ ಎಂಬಲ್ಲಿ ನೆಟ್ಟಗೆ ನಿಂತ ಪದರಗಳ ತಲೆಯ ಮೇಲೆ ಬೇರೆ ಪದರಗಳು ಅಡ್ಡಲಾಗಿ ಕೂತಿರುವುದನ್ನು ಕಂಡ ಜೇಮ್ಸ್ ಹಟನ್, ಭೂಮಿಯ ಕಾಲ ಬೈಬಲ್ಲಿನ ಕೆಲವು ಸಾವಿರ ವರ್ಷಗಳಲ್ಲಿ ಹಿಡಿಸುವಂಥದ್ದಲ್ಲವೆಂದು ಮನಗಂಡದ್ದು ಇಂಥ ಓದಿನಿಂದಲೇ. ಪಠ್ಯದಲ್ಲಿ ಬರುವ ಜೀವಾವಶೇಷಗಳನ್ನು ಮಾತ್ರ ಈ ಬಂಡೆಗಳಲ್ಲಿ ಹುಡುಕಬಾರದು. ಇಷ್ಟು ಹಳೆಯ, ಇಷ್ಟು ಕಾದು ಬದಲಾದ ಶಿಲೆಯಲ್ಲಿ ಅವು ಇರುವುದಿಲ್ಲ.

ಹಿಂದಿರುಗುವ ಮುನ್ನ ಕಾವೇರಿ ಅಥವಾ ಹಾರಂಗಿಯ ಮರಳನ್ನೂ ನೋಡಬೇಕು. ನೀರು ತಿರುವು ತೆಗೆದುಕೊಳ್ಳುವ ಕಡೆ ಬಿಳಿ ಮರಳಿನ ಮೇಲೆ ತೆಳುವಾದ ಕಪ್ಪು ಗೆರೆಗಳು ಉಳಿದಿರುತ್ತವೆ. ಒಂದು ಹಿಡಿ ಕಪ್ಪು ಮರಳನ್ನು ತಟ್ಟೆಯಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿದ ಆಯಸ್ಕಾಂತವನ್ನು ಅದರ ಮೇಲೆ ಆಡಿಸಿದರೆ ಮ್ಯಾಗ್ನಟೈಟ್ ಎದ್ದು ಅಂಟಿಕೊಳ್ಳುತ್ತದೆ. ಉಳಿದದ್ದರಲ್ಲಿ ಕೆಂಪು ಗಾರ್ನೆಟ್ ಕಣಗಳನ್ನು ಗುರುತಿಸುವುದು ಸುಲಭ. ಅವುಗಳ ನಡುವೆ ಬಣ್ಣವಿಲ್ಲದ ಅಥವಾ ತುಸು ಕಂದಾದ, ಎರಡೂ ತುದಿ ಚೂಪಾದ ಕಣವೊಂದು ಮಸೂರಕ್ಕೆ ಮಿಂಚಿದರೆ ಅದು ಜಿರ್ಕಾನ್ ಎಂಬ ಖನಿಜ ಇರಬಹುದು. ಸಾಮಾನ್ಯವಾಗಿ ಅದರ ಉದ್ದ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಮುಂದಿನ ಲೆಕ್ಕವೆಲ್ಲ ಈ ಕಣದ ಮೇಲೆ ನಿಂತಿದೆ.

ಗಡಿಯಾರವನ್ನು ಆರಿಸುವುದು

ಹಿಂದುಮುಂದು ಗೊತ್ತಾಯಿತು, ವರ್ಷಗಳ ಸಂಖ್ಯೆ ಬೇಕಾದರೆ ಒಂದೇ ವೇಗದಲ್ಲಿ ನಡೆಯುವ ಯಾವುದಾದರೂ ಪ್ರಕ್ರಿಯೆ ಬೇಕು. ಹತ್ತೊಂಬತ್ತನೆಯ ಶತಮಾನದವರು ಆರಿಸಿದ ಗಡಿಯಾರಗಳು ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕಾದ ಗೋಳ ತಣ್ಣಗಾಗಲು ಎಷ್ಟು ಕಾಲ ಬೇಕೆಂದು ಲೆಕ್ಕಹಾಕಿದ ಲಾರ್ಡ್ ಕೆಲ್ವಿನ್ 1862ರಲ್ಲಿ 2 ಕೋಟಿಯಿಂದ 40 ಕೋಟಿ ವರ್ಷ ಎಂದರು, 1897ರ ಹೊತ್ತಿಗೆ ಅದನ್ನು 2ರಿಂದ 4 ಕೋಟಿಗೆ ಇಳಿಸಿದರು. ಸಮುದ್ರದ ಉಪ್ಪನ್ನು ನದಿಗಳು ತರುವ ಉಪ್ಪಿನಿಂದ ಭಾಗಿಸಿದ ಜಾನ್ ಜೋಲಿ 1899ರಲ್ಲಿ 8ರಿಂದ 9 ಕೋಟಿ ಎಂದರು. ಸಮುದ್ರ ತಾನು ಪಡೆದ ಉಪ್ಪನ್ನು ಹಿಂದಕ್ಕೂ ಕೊಡುತ್ತದೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಕೆಲ್ವಿನ್‌ರ ಲೆಕ್ಕ ತಪ್ಪಿದ್ದು ವಿಕಿರಣಶೀಲ ಧಾತುಗಳ ಶಾಖ ಅವರಿಗೆ ಗೊತ್ತಿಲ್ಲದ್ದರಿಂದ ಎಂದು ಪುಸ್ತಕಗಳು ಬರೆಯುತ್ತವೆ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಉತ್ತರ. ಅವರ ಸಹಾಯಕರಾಗಿದ್ದ ಜಾನ್ ಪೆರ್ರಿ 1895ರಲ್ಲಿಯೇ, ಭೂಮಿಯ ಒಳಭಾಗ ನಿಧಾನವಾಗಿ ಹರಿದಾಡಿ ಶಾಖವನ್ನು ಮೇಲಕ್ಕೆ ತರುವುದಾದರೆ ಈ ಲೆಕ್ಕ ಬುಡಮೇಲಾಗುತ್ತದೆಂದು ತೋರಿಸಿದ್ದರು, ಮತ್ತು ಹೆಚ್ಚು ತೂಕದ ಆಕ್ಷೇಪ ಅದೇ ಆಗಿತ್ತು.

ನಂಬಬಹುದಾದ ಗಡಿಯಾರ ಸಿಕ್ಕಿದ್ದು ವಿಕಿರಣಶೀಲತೆಯಲ್ಲಿ. ಹೆನ್ರಿ ಬೆಕೆರಲ್ 1896ರಲ್ಲಿ ಅದನ್ನು ಕಂಡುಹಿಡಿದರು; 1907ರಲ್ಲಿ ಬರ್ಟ್ರಮ್ ಬೋಲ್ಟ್‌ವುಡ್ ಖನಿಜಗಳಲ್ಲಿನ ಯುರೇನಿಯಂ ಮತ್ತು ಸೀಸದ ಪ್ರಮಾಣದಿಂದ 40 ಕೋಟಿಯಿಂದ 220 ಕೋಟಿ ವರ್ಷಗಳವರೆಗಿನ ವಯಸ್ಸುಗಳನ್ನು ಪ್ರಕಟಿಸಿದರು. ಒಂದು ವಿಕಿರಣಶೀಲ ಧಾತುವಿನ ಅರ್ಧದಷ್ಟು ಪರಮಾಣುಗಳು ಬೇರೆ ಧಾತುವಾಗಿ ಬದಲಾಗಲು ಬೇಕಾದ ಕಾಲವೇ ಅದರ ಅರ್ಧಾಯು. ಶಿಲೆಯೊಳಗಿನ ಬಿಸಿಯಾಗಲಿ, ಒತ್ತಡವಾಗಲಿ, ಅಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯಾಗಲಿ ಯುರೇನಿಯಂನ ಅರ್ಧಾಯುವನ್ನು ಬದಲಿಸುವುದಿಲ್ಲ.

ಗಡಿಯಾರವನ್ನು ಆರಿಸುವ ನಿಯಮ ಸರಳ: ಅಳೆಯಬೇಕಾದ ಕಾಲಕ್ಕೆ ಅರ್ಧಾಯು ಹೊಂದುವಂತಿರಬೇಕು. ಕಾರ್ಬನ್-14ರ ಅರ್ಧಾಯು 5,730 ವರ್ಷ, ಹಾಗಾಗಿ ಸುಮಾರು 50,000 ವರ್ಷಗಳಾಚೆ ಅಳೆಯಲು ಏನೂ ಉಳಿದಿರುವುದಿಲ್ಲ. ಕಲ್ಲುಗೋರಿಯಲ್ಲಿ ಇದ್ದಿಲೋ ಮೂಳೆಯೋ ಸಿಕ್ಕರೆ ಅದಕ್ಕೆ ಕಾರ್ಬನ್ ಸರಿ, ಗೋರಿಯ ಚಪ್ಪಡಿಗೆ ಅಲ್ಲ. ‘ಕಾರ್ಬನ್ ಡೇಟಿಂಗ್‌ನಿಂದ ಭೂಮಿಯ ವಯಸ್ಸು’ ಎಂದು ಎಲ್ಲಿಯಾದರೂ ಓದಿದರೆ ಆ ಬರಹವನ್ನು ಅಲ್ಲಿಗೇ ಬಿಡಬಹುದು. ಶಿಲೆಗಳಿಗೆ ಬಳಸುವವು (ಆವರಣದಲ್ಲಿ ಅರ್ಧಾಯು) ಪೊಟ್ಯಾಸಿಯಂ-40 (125 ಕೋಟಿ ವರ್ಷ), ಯುರೇನಿಯಂ-238 (446.8 ಕೋಟಿ), ಯುರೇನಿಯಂ-235 (70.38 ಕೋಟಿ), ಥೋರಿಯಂ-232 (ಸುಮಾರು 1,405 ಕೋಟಿ), ರುಬಿಡಿಯಂ-87 (ಸುಮಾರು 5,000 ಕೋಟಿ). ಇವುಗಳಲ್ಲಿ ಯುರೇನಿಯಂಗೆ ಒಂದು ಅನುಕೂಲವಿದೆ. ಒಂದೇ ಹರಳಿನೊಳಗೆ ಎರಡು ಯುರೇನಿಯಂಗಳು ಎರಡು ಬೇರೆ ವೇಗಗಳಲ್ಲಿ ಸೀಸವಾಗುತ್ತಿರುತ್ತವೆ, 238 ಎಂಬುದು ಸೀಸ-206 ಆಗಿ, 235 ಎಂಬುದು ಸೀಸ-207 ಆಗಿ. ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ.

‘ಆರಂಭದಲ್ಲಿ ಸೀಸ ಇರಲೇ ಇಲ್ಲ ಎಂದು ಹೇಗೆ ಹೇಳುತ್ತೀರಿ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಜಿರ್ಕಾನ್ ಬೆಳೆಯುವಾಗ ತನ್ನ ಹರಳಿನ ಚೌಕಟ್ಟಿನಲ್ಲಿ ಜಿರ್ಕೋನಿಯಂ ಜಾಗಕ್ಕೆ ಯುರೇನಿಯಂ ಅನ್ನು ಸೇರಿಸಿಕೊಳ್ಳುತ್ತದೆ, ಗಾತ್ರವೂ ವಿದ್ಯುದಂಶವೂ ಹೊಂದದ ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಅಲ್ಪಸ್ವಲ್ಪ ನುಸುಳಿದ್ದರೂ, ವಿಕಿರಣದಿಂದ ಹುಟ್ಟದ ಸೀಸ-204 ಎಷ್ಟಿದೆಯೆಂದು ಅಳೆದು ಆ ಭಾಗವನ್ನು ಕಳೆಯುತ್ತಾರೆ.

ಕ್ಯಾಲ್ಕ್ಯುಲೇಟರಿನಲ್ಲಿ ಲೆಕ್ಕ ಮಾಡುವುದು

ಈಗ ಲೆಕ್ಕ. ಮೊದಲು 0.6931 ಎಂಬುದನ್ನು ಅರ್ಧಾಯುವಿನಿಂದ ಭಾಗಿಸಿದರೆ ಕ್ಷಯ ಸ್ಥಿರಾಂಕ ಬರುತ್ತದೆ. ಕಾಲವನ್ನು ಕೋಟಿ ವರ್ಷಗಳಲ್ಲಿ ಇಟ್ಟುಕೊಂಡರೆ ಸೊನ್ನೆಗಳ ಕಾಟ ತಪ್ಪುತ್ತದೆ: ಯುರೇನಿಯಂ-238ಕ್ಕೆ 0.6931 ÷ 446.8 = 0.0015513, ಯುರೇನಿಯಂ-235ಕ್ಕೆ 0.6931 ÷ 70.38 = 0.009849. ಆಮೇಲೆ ಹರಳಿನಲ್ಲಿ ಇಂದು ಇರುವ ಸೀಸದ ಪರಮಾಣುಗಳನ್ನು ಉಳಿದಿರುವ ಯುರೇನಿಯಂ ಪರಮಾಣುಗಳಿಂದ ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ, ಅದರ ಸ್ವಾಭಾವಿಕ ಲಾಗರಿದಮ್ ತೆಗೆದು, ಕ್ಷಯ ಸ್ಥಿರಾಂಕದಿಂದ ಭಾಗಿಸಬೇಕು. ಹತ್ತರ ಆಧಾರದ ಲಾಗ್ ಗುಂಡಿಯನ್ನು ಒತ್ತಿದರೆ ಉತ್ತರ ಅರ್ಧಕ್ಕಿಂತ ಕಡಿಮೆ ಬರುತ್ತದೆ, ಆದ್ದರಿಂದ ಸ್ವಾಭಾವಿಕ ಲಾಗ್‌ನ ಗುಂಡಿ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಜಿರ್ಕಾನ್ ಇಟ್ಟುಕೊಳ್ಳೋಣ. ಅಂಕಿಗಳು ಕೊಡಗಿನ ಶಿಲೆಗಳಿಗೆ ಹೊಂದುವಂತಿವೆ. ಸೀಸ-206 ಮತ್ತು ಯುರೇನಿಯಂ-238ರ ಅನುಪಾತ 0.62 ಎಂದಿರಲಿ. 1.62ರ ಲಾಗ್ 0.4824, ಅದನ್ನು 0.0015513ರಿಂದ ಭಾಗಿಸಿದರೆ 311. ಅದೇ ಹರಳಿನಲ್ಲಿ ಸೀಸ-207 ಮತ್ತು ಯುರೇನಿಯಂ-235ರ ಅನುಪಾತ 20.4 ಎಂದಿರಲಿ. 21.4ರ ಲಾಗ್ 3.0634; ಅದನ್ನು 0.009849ರಿಂದ ಭಾಗಿಸಿದರೂ 311. ಎರಡು ಗಡಿಯಾರಗಳೂ 311 ಕೋಟಿ ವರ್ಷ ಎನ್ನುತ್ತಿವೆ, ಅಂದರೆ ಈ ಹರಳು ಹುಟ್ಟಿದಂದಿನಿಂದ ಸೀಸವನ್ನು ಕಳೆದುಕೊಂಡಿಲ್ಲ. ಈಗ ಎರಡೂ ಅನುಪಾತಗಳನ್ನು ಶೇಕಡಾ 20ರಷ್ಟು ಕಡಿಮೆ ಮಾಡಿ ಮತ್ತೆ ಲೆಕ್ಕ ಮಾಡಿದರೆ ಮೊದಲನೆಯದು ಸುಮಾರು 260 ಕೋಟಿ, ಎರಡನೆಯದು ಸುಮಾರು 290 ಕೋಟಿ ಕೊಡುತ್ತದೆ. ಸೀಸ ಸೋರಿದೆ ಎಂಬುದಕ್ಕೆ ಈ ಜಗಳವೇ ಸಾಕ್ಷಿ. 1956ರಲ್ಲಿ ಜಾರ್ಜ್ ವೆದರಿಲ್ ಇಂಥ ಜಗಳವನ್ನೂ ಉಪಯೋಗಕ್ಕೆ ತರುವ ರೇಖಾಚಿತ್ರವೊಂದನ್ನು ಕೊಟ್ಟರು: ಎರಡೂ ಅನುಪಾತಗಳು ತಾಳೆಯಾಗುವ ಬಿಂದುಗಳನ್ನೆಲ್ಲ ಸೇರಿಸಿದ ಬಾಗಿದ ರೇಖೆಯ ಮೇಲೆ, ಸೀಸ ಕಳೆದುಕೊಂಡ ಹಲವು ಹರಳುಗಳನ್ನು ಜೋಡಿಸುವ ನೇರ ಗೆರೆ ಮೇಲಿನ ತುದಿಯಲ್ಲಿ ಎಲ್ಲಿ ಕೂಡುತ್ತದೆಯೋ ಅಲ್ಲಿ ನಿಜವಾದ ವಯಸ್ಸು ಸಿಗುತ್ತದೆ.

ಪ್ರಯೋಗಾಲಯದ ಕೆಲಸ

ಆ ಅನುಪಾತಗಳನ್ನು ಮನೆಯಲ್ಲಿ ಅಳೆಯಲಾಗದು. ಕೆಲವು ಕಿಲೋ ಕೊಳೆಯದ ಶಿಲೆಯನ್ನು ಪುಡಿಮಾಡಿ, ಜರಡಿ ಹಿಡಿದು, ಭಾರದ ದ್ರವದಲ್ಲಿ ಮುಳುಗಿಸಿ, ಕಾಂತದಿಂದ ಬೇರ್ಪಡಿಸಿ, ಉಳಿದದ್ದರಿಂದ ಜಿರ್ಕಾನ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಹೆಕ್ಕುತ್ತಾರೆ. ಹೊಳೆ ಮರಳಿನಲ್ಲಿ ತಾನಾಗಿಯೇ ಮಾಡಿಕೊಟ್ಟದ್ದನ್ನು ಇಲ್ಲಿ ಯಂತ್ರಗಳು ಮಾಡುತ್ತವೆ. ಆಮೇಲೆ ಹರಳುಗಳನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸಿ ಅರ್ಧದವರೆಗೆ ಉಜ್ಜಿ ತೆಗೆಯುತ್ತಾರೆ. ಎಲೆಕ್ಟ್ರಾನ್ ಕಿರಣ ಹಾಯಿಸಿ ಚಿತ್ರ ತೆಗೆದರೆ ಹರಳಿನ ಒಡಲು ಕಾಣುತ್ತದೆ: ಮರದ ಕಾಂಡದ ಉಂಗುರಗಳಂತೆ ಒಂದರ ಸುತ್ತ ಒಂದು ಬೆಳೆದ ಪಟ್ಟೆಗಳು, ನಡುವೆ ಮಬ್ಬಾದ ಹಳೆಯ ತಿರುಳು, ಹೊರಗೆ ಕೆಲವೊಮ್ಮೆ ತೆಳ್ಳನೆಯ ಹೊಸ ಅಂಚು. ಕೊಡಗಿನಂಥ ಆಳದಲ್ಲಿ ಕಾದ ಶಿಲಾಪ್ರದೇಶಗಳಲ್ಲಿ ಈ ಚಿತ್ರವಿಲ್ಲದೆ ಅಳೆಯುವುದು ವ್ಯರ್ಥ, ಏಕೆಂದರೆ ತಿರುಳು ಶಿಲಾರಸ ಹರಳುಗಟ್ಟಿದ ಕಾಲವನ್ನೂ ಅಂಚು ಅದು ಮತ್ತೆ ಕಾದ ಕಾಲವನ್ನೂ ಹೇಳುತ್ತಿರುತ್ತದೆ, ಎರಡನ್ನೂ ಕಲಸಿ ಅಳೆದರೆ ಯಾವ ಘಟನೆಯದೂ ಅಲ್ಲದ ಸರಾಸರಿ ಬರುತ್ತದೆ.

ಎಲ್ಲಿ ಅಳೆಯಬೇಕೆಂದು ಗುರುತಿಸಿದ ಮೇಲೆ ಅಯಾನ್ ಕಿರಣವನ್ನು ಸುಮಾರು 20ರಿಂದ 30 ಮೈಕ್ರೋಮೀಟರ್ ಅಗಲದ ಚುಕ್ಕೆಯಾಗಿ ಹಾಯಿಸಿ, ಅಲ್ಲಿಂದ ಎದ್ದ ಪರಮಾಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತಾರೆ. ಲೇಸರ್ ಬಳಸುವ ಕ್ರಮವೂ ಇದೆ. ಪ್ರತಿ ಕೆಲವು ಚುಕ್ಕೆಗಳಿಗೊಮ್ಮೆ, ವಯಸ್ಸು ಮೊದಲೇ ಗೊತ್ತಿರುವ ಹರಳನ್ನು ಅಳೆದು ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡಿಕೊಳ್ಳುವುದು ಕಡ್ಡಾಯ. ಭಾರತದಲ್ಲಿ ಇಂಥ ಸೌಲಭ್ಯ ನವದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನಲ್ಲಿದೆ.

ಬಂಡೆಯನ್ನು ಬಿಟ್ಟು ಉಲ್ಕಾಶಿಲೆಗೆ

ಇಷ್ಟೆಲ್ಲ ಮಾಡಿದರೂ ಕೈಗೆ ಬಂದದ್ದು 311 ಕೋಟಿ, 454 ಅಲ್ಲ. ಲೋಕವೆಲ್ಲ ಹುಡುಕಿದರೂ ಅಂತರ ಪೂರ್ತಿ ತುಂಬುವುದಿಲ್ಲ. ಕೆನಡಾದ ಅಕಾಸ್ಟಾ ನೈಸ್ ಸುಮಾರು 403 ಕೋಟಿ ವರ್ಷಗಳದು. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಒಂದು ಜಿರ್ಕಾನ್ 440 ಕೋಟಿ ವರ್ಷಗಳದು, ಅದು ಹುಟ್ಟಿದ ಬಂಡೆ ಸವೆದು ಮಾಯವಾಗಿ, ಕಣ ಮಾತ್ರ ಮರಳು-ಜಲ್ಲಿ ಗಟ್ಟಿಯಾದ ಬಹಳ ಈಚಿನ ಶಿಲೆಯಲ್ಲಿ ಉಳಿದುಕೊಂಡಿದೆ. ಭೂಮಿ ತನ್ನ ಹೊರಪದರವನ್ನು ಕರಗಿಸಿ ಮತ್ತೆ ಮತ್ತೆ ಹೊಸದಾಗಿಸುವುದರಿಂದ ಮೊದಲ ಪುಟಗಳು ಇಲ್ಲಿ ಸಿಗುವಂತಿಲ್ಲ. ಇವೆಲ್ಲ ಹೇಳುವುದು ‘ಭೂಮಿ ಇದಕ್ಕಿಂತ ಕಿರಿಯದಲ್ಲ’ ಎಂದಷ್ಟೇ.

ದಾರಿ ತೆರೆದದ್ದು ಹೀಗೆ. ಸೂರ್ಯನ ಸುತ್ತಲಿನ ಒಂದೇ ಧೂಳು-ಅನಿಲದ ಮೋಡದಿಂದ ಭೂಮಿಯೂ ಉಲ್ಕಾಶಿಲೆಗಳ ಮೂಲ ಕಾಯಗಳೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ರೂಪುಗೊಂಡಿದ್ದರೆ, ಆರಂಭದಲ್ಲಿ ಎಲ್ಲಕ್ಕೂ ಒಂದೇ ಬಗೆಯ ಸೀಸ ಸಿಕ್ಕಿರಬೇಕು. ಯುರೇನಿಯಂ ಹೆಚ್ಚಿದ್ದ ಕಾಯದಲ್ಲಿ ಸೀಸ-206, 207 ಹೆಚ್ಚು ಸೇರಿಕೊಂಡಿರುತ್ತವೆ, ಇಲ್ಲದಿದ್ದ ಕಡೆ ಆರಂಭದ ಸೀಸ ಹಾಗೆಯೇ ಉಳಿದಿರುತ್ತದೆ. ಎರಡನ್ನೂ ಸೀಸ-204ಕ್ಕೆ ಹೋಲಿಸಿ ಗ್ರಾಫ್ ಕಾಗದದ ಮೇಲೆ ಬಿಂದುಗಳಾಗಿ ಇಟ್ಟರೆ ಒಂದೇ ವಯಸ್ಸಿನವೆಲ್ಲ ಒಂದು ನೇರ ಗೆರೆಯ ಮೇಲೆ ಬೀಳಬೇಕು, ಮತ್ತು ಗೆರೆಯ ಇಳಿಜಾರು ವಯಸ್ಸನ್ನು ಹೇಳಬೇಕು.

ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಮಾಡಿದ್ದು ಇದನ್ನೇ. ಅರಿಜೋನಾದ ಕುಳಿಯ ಬಳಿ ಸಿಕ್ಕ ಕ್ಯಾನಿಯನ್ ಡಯಾಬ್ಲೊ ಎಂಬ ಕಬ್ಬಿಣದ ಉಲ್ಕಾಶಿಲೆಯಲ್ಲಿ ಟ್ರಾಯ್ಲೈಟ್ ಎಂಬ ಗಂಧಕದ ಖನಿಜವಿದೆ. ಅದರಲ್ಲಿ ಯುರೇನಿಯಂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಆರಂಭದ ಸೀಸವನ್ನು ಕಾಪಾಡಿಕೊಂಡಿದೆ. ಅವರಿಗೆ ಕಾಟ ಕೊಟ್ಟದ್ದು ಹೊರಗಿನ ಸೀಸ. ಗಾಳಿ, ನೀರು, ಗಾಜಿನ ಪಾತ್ರೆ, ಬಟ್ಟೆ, ಕೂದಲು, ಎಲ್ಲದರಿಂದಲೂ ಸೀಸ ಬಂದು ಮಾದರಿಗೆ ಸೇರಿ ಲೆಕ್ಕ ಕೆಡಿಸುತ್ತಿತ್ತು, ಅದರಲ್ಲಿ ದೊಡ್ಡ ಪಾಲು ಸೀಸ ಬೆರೆಸಿದ ಪೆಟ್ರೋಲಿನದು. ವರ್ಷಗಟ್ಟಲೆ ಶ್ರಮಿಸಿ ಧೂಳು ನುಸುಳದ ಪ್ರಯೋಗಾಲಯ ಕಟ್ಟಿಕೊಂಡ ಮೇಲೆ 1953ರಲ್ಲಿ ಅಳತೆ ಸಿಕ್ಕಿತು. ಮೂರು ಕಲ್ಲಿನ ಮತ್ತು ಎರಡು ಕಬ್ಬಿಣದ ಉಲ್ಕಾಶಿಲೆಗಳ ಗೆರೆಯಿಂದ 455 ಕೋಟಿ, 7 ಕೋಟಿ ಆಚೀಚೆ ಎಂದು 1956ರಲ್ಲಿ ಪ್ರಕಟವಾಯಿತು. ಸಮುದ್ರತಳದ ಕೆಸರಿನ ಸೀಸವೂ ಆ ಗೆರೆಯ ಬಳಿಯೇ ಬಿದ್ದದ್ದರಿಂದ ಭೂಮಿಯೂ ಅದೇ ಕುಟುಂಬಕ್ಕೆ ಸೇರಿದ್ದೆಂದು ಅವರು ವಾದಿಸಿದರು. ಮುಂದೆ ಅವರು ಸೀಸದ ಪೆಟ್ರೋಲಿನ ವಿರುದ್ಧ ದೀರ್ಘಕಾಲ ಹೋರಾಡಿದರು. ಭಾರತದಲ್ಲಿ ಅಂಥ ಪೆಟ್ರೋಲು ನಿಂತದ್ದು 2000ದಲ್ಲಿ.

ಈ ಲೆಕ್ಕವನ್ನೂ ಕ್ಯಾಲ್ಕ್ಯುಲೇಟರಿನಲ್ಲಿ ಮಾಡಬಹುದು, ಆದರೆ ಇಲ್ಲಿ ವಯಸ್ಸನ್ನು ಊಹಿಸಿ ಇಳಿಜಾರಿಗೆ ತಾಳೆ ನೋಡಬೇಕಾಗುತ್ತದೆ. ಊಹಿಸಿದ ವಯಸ್ಸನ್ನು ಕೋಟಿಗಳಲ್ಲಿ 0.009849ರಿಂದ ಗುಣಿಸಿ, ಘಾತದ ಗುಂಡಿ ಒತ್ತಿ, 1 ಕಳೆಯಬೇಕು. ಅದೇ ವಯಸ್ಸನ್ನು 0.0015513ರಿಂದ ಗುಣಿಸಿ ಹಾಗೆಯೇ ಮಾಡಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು 137.8ರಿಂದ ಭಾಗಿಸಬೇಕು. (ಇಂದು ಒಂದು ಯುರೇನಿಯಂ-235 ಪರಮಾಣುವಿಗೆ 238ರ ಸುಮಾರು 137.8 ಪರಮಾಣುಗಳಿವೆ.) 400 ಕೋಟಿ ಇಟ್ಟರೆ ಇಳಿಜಾರು 0.425, 443 ಇಟ್ಟರೆ 0.569, 455 ಇಟ್ಟರೆ 0.618, 456.7 ಇಟ್ಟರೆ 0.625 ಬರುತ್ತದೆ. ಇನ್ನು ಟ್ರಾಯ್ಲೈಟಿನ ಸೀಸದ ಎರಡು ಅನುಪಾತಗಳು (ಸೀಸ-204ಕ್ಕೆ ಹೋಲಿಸಿದ 206 ಮತ್ತು 207) 9.31 ಮತ್ತು 10.29, ಭೂಮಿಯ ಇಂದಿನ ಸರಾಸರಿ ಸೀಸಕ್ಕೆ ಸಾಮಾನ್ಯವಾಗಿ ಬಳಸುವವು 18.70 ಮತ್ತು 15.63. ವ್ಯತ್ಯಾಸಗಳು 9.39 ಮತ್ತು 5.34, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಇಳಿಜಾರು 0.569.

ಅಂದರೆ 443 ಕೋಟಿ! ಪ್ರಸಿದ್ಧ ಅಂಕಿಗಿಂತ ಹನ್ನೊಂದು ಕೋಟಿ ಕಡಿಮೆ. ಲೆಕ್ಕ ತಪ್ಪಿದ್ದಲ್ಲ. ಭೂಮಿಯ ಕಬ್ಬಿಣದ ಒಳತಿರುಳು ಬೇರ್ಪಟ್ಟಾಗ ಸೀಸದ ಒಂದು ಪಾಲು ಅದರೊಂದಿಗೆ ಕೆಳಗಿಳಿದು, ಮೇಲುಳಿದ ಭಾಗದಲ್ಲಿ ಯುರೇನಿಯಂ-ಸೀಸದ ಪ್ರಮಾಣವೇ ಬದಲಾಯಿತು ಎಂಬುದು ಮುಖ್ಯ ವಿವರಣೆಗಳಲ್ಲಿ ಒಂದು. ಭೂಮಿಯ ಸೀಸ ಹೇಳುವುದು ಈ ಹೊಂದಾಣಿಕೆ ಮುಗಿದ ಕಾಲದ ಕಡೆಗೆ ವಾಲಿದ ಸರಾಸರಿಯನ್ನು, ಉಲ್ಕಾಶಿಲೆಗಳ ಗೆರೆ ಹೇಳುವುದು ಸೌರಮಂಡಲದ ಆರಂಭವನ್ನು. 1969ರಲ್ಲಿ ಮೆಕ್ಸಿಕೋದಲ್ಲಿ ಬಿದ್ದ ಅಯೆಂದೆ ಮುಂತಾದ ಉಲ್ಕಾಶಿಲೆಗಳೊಳಗಿನ ಬಿಳಿಯ ಕ್ಯಾಲ್ಸಿಯಂ-ಅಲ್ಯೂಮಿನಿಯಂ ಕಣಗಳು ಆ ಆರಂಭವನ್ನು 456.73 ಕೋಟಿ ವರ್ಷಗಳ ಹಿಂದಕ್ಕೆ ಇಡುತ್ತವೆ, ಅದೂ ಸುಮಾರು 1 ಲಕ್ಷ 60 ಸಾವಿರ ವರ್ಷಗಳ ಅನಿಶ್ಚಿತತೆಯೊಂದಿಗೆ. ಭೂಮಿಯ ಅಂಕಿಯಲ್ಲಿ ಮಾತ್ರ 5 ಕೋಟಿ ವರ್ಷಗಳ ಸಡಿಲವಿದೆ. ಯಂತ್ರಗಳು ಇಷ್ಟು ನಿಖರವಾಗಿದ್ದರೂ ಸಡಿಲ ಉಳಿದಿರುವುದು, ಭೂಮಿ ಒಂದು ದಿನದಲ್ಲಿ ಹುಟ್ಟಿದ್ದಲ್ಲವಾದ್ದರಿಂದ: ಚಿಕ್ಕ ಕಾಯಗಳು ಡಿಕ್ಕಿ ಹೊಡೆದು ಕೂಡಿಕೊಂಡು, ಒಳತಿರುಳು ಬೇರ್ಪಟ್ಟು, ಚಂದ್ರನನ್ನು ಹುಟ್ಟಿಸಿದ ದೊಡ್ಡ ಡಿಕ್ಕಿ ನಡೆದು ಮುಗಿಯಲು ಕೋಟಿಗಟ್ಟಲೆ ವರ್ಷಗಳೇ ಹಿಡಿದವು. ಅದರಲ್ಲಿ ಯಾವುದನ್ನು ಹುಟ್ಟು ಎನ್ನಬೇಕು ಎಂಬುದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಉತ್ತರ ಕೊಡುವುದಿಲ್ಲ.

ವರದಿ ಓದುವ ಕ್ರಮ

ಕಲ್ಲಿನ ವಯಸ್ಸಿನ ಬಗ್ಗೆ ಪತ್ರಿಕೆಯಲ್ಲಿ ಏನಾದರೂ ಬಂದರೆ ಮೊದಲು ಮೂಲದ ಅಂಕಿಯನ್ನು ಕೋಟಿಗೆ ತಿರುಗಿಸಿ ನೋಡಬೇಕು. ಒಂದು ಬಿಲಿಯನ್ ಎಂದರೆ 100 ಕೋಟಿ, ಒಂದು ಮಿಲಿಯನ್ ಎಂದರೆ 10 ಲಕ್ಷ, 3.1 ಬಿಲಿಯನ್ ಎಂಬುದು 31 ಕೋಟಿಯಾಗಿ ಅಚ್ಚಾಗುವುದು ಅಪರೂಪವಲ್ಲ. ಆಮೇಲೆ ಯಾವ ಗಡಿಯಾರ, ಯಾವ ಖನಿಜ ಎಂದು ಹುಡುಕಬೇಕು: ಅದೇ ಬಂಡೆಯ ಜಿರ್ಕಾನ್‌ಗಿಂತ ಅದರ ಅಭ್ರಕದ ಪೊಟ್ಯಾಸಿಯಂ ಗಡಿಯಾರ ಕಡಿಮೆ ವಯಸ್ಸು ತೋರಿಸಿದ್ದರೆ ಅದರಲ್ಲಿ ವಿರೋಧವಿಲ್ಲ, ಅಭ್ರಕ ಕೆಲವೇ ನೂರು ಡಿಗ್ರಿ ಬಿಸಿಯಲ್ಲಿ ತನ್ನ ಆರ್ಗಾನ್ ಅನಿಲವನ್ನು ಬಿಟ್ಟುಕೊಟ್ಟು ಗಡಿಯಾರವನ್ನು ಸೊನ್ನೆಗೆ ತರುತ್ತದೆ. ಕೊನೆಗೆ ಆಚೀಚೆಯ ಅಂಕಿಯನ್ನು ನೋಡಬೇಕು. ಅದಿಲ್ಲದೆ ‘ಇಷ್ಟೇ ವರ್ಷ’ ಎಂದು ಬರೆದಿದ್ದರೆ ವರದಿಗಾರರು ಅದನ್ನು ಬಿಟ್ಟಿದ್ದಾರೆ ಎಂದರ್ಥ. ಅಂಥ ವೇಳೆ ಮೂಲ ಪ್ರಬಂಧದ ಸಾರಾಂಶವನ್ನು ತೆರೆದರೆ ಸಾಮಾನ್ಯವಾಗಿ ಅದು ವಯಸ್ಸಿನ ಪಕ್ಕದಲ್ಲಿಯೇ ಕೂಡು-ಕಳೆ ಗುರುತಿನೊಂದಿಗೆ ಇರುತ್ತದೆ.